ಯಂತ್ರಕ್ಕೂ ಒಂದು ಅಂಕಿತ ಬೇಕು

ಚುನಾವಣೆಯ ಕಾಲದಲ್ಲಿ ಶಿಕಾರಿಪುರದ ಬಸ್ ನಿಲ್ದಾಣದಲ್ಲಿಯೋ ಸೊರಬದ ಸಂತೆಯಲ್ಲಿಯೋ ಕೈಗೆ ಸಿಕ್ಕುವ ಕರಪತ್ರವನ್ನು ವಾಚಕರು ತಿರುವಿ ನೋಡಿದ್ದರೆ, ಅದರ ಅಡಿಯಲ್ಲಿ ಇರುವೆಯ ಸಾಲಿನಂಥ ಸಣ್ಣ ಅಕ್ಷರಗಳ ಪಂಕ್ತಿಯೊಂದನ್ನು ಕಂಡಿರಬಹುದು. ಮುದ್ರಿಸಿದವರ ಹೆಸರು, ವಿಳಾಸ. ಪ್ರಕಟಿಸಿದವರ ಹೆಸರು, ವಿಳಾಸ. ಮೇಲೆ ದಪ್ಪಕ್ಷರದಲ್ಲಿರುವ ಭರವಸೆಗಳನ್ನೂ ದೂಷಣೆಗಳನ್ನೂ ಓದುವವರು ನೂರು ಮಂದಿಯಾದರೆ, ಈ ಪಂಕ್ತಿಯನ್ನು ಓದುವವನು ಒಬ್ಬನಿದ್ದಾನೋ ಇಲ್ಲವೋ. ಆದರೂ ಸಾರ್ವಜನಿಕ ಜೀವನದ ಮರ್ಯಾದೆಯು ಬಹುಮಟ್ಟಿಗೆ ಆ ಪಂಕ್ತಿಯನ್ನೇ ಅವಲಂಬಿಸಿದೆಯೆಂದರೆ ಅತಿಶಯೋಕ್ತಿಯಾಗಲಾರದು.

1951ರ ಪ್ರಜಾಪ್ರಾತಿನಿಧ್ಯ ಶಾಸನದ 127-ಎ ಎಂಬ ಪ್ರಕರಣವು ಇದನ್ನು ಕಡ್ಡಾಯಪಡಿಸಿದೆ. ಕರಪತ್ರವನ್ನು ಅಚ್ಚು ಹಾಕಿಸುವವನು ತಾನು ಇಂಥವನೆಂದು ಬರೆದು, ರುಜು ಮಾಡಿ, ತನ್ನನ್ನು ಸ್ವತಃ ಬಲ್ಲ ಇಬ್ಬರ ಸಾಕ್ಷಿ ಹಾಕಿಸಿ ಎರಡು ಪ್ರತಿಗಳನ್ನು ಮುದ್ರಕನಿಗೆ ಕೊಡತಕ್ಕದ್ದು. ಮುದ್ರಕನು ಅದರ ಒಂದು ಪ್ರತಿಯನ್ನು ಅಚ್ಚಾದ ಕರಪತ್ರದೊಡನೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳುಹಿಸತಕ್ಕದ್ದು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಅಚ್ಚುಕೂಟ ನಡೆಸುವ ನಮ್ಮಂಥವರಿಗೆ ಇದು ಹೊಸದೇನೂ ಅಲ್ಲ. ಬ್ರಿಟಿಷ್ ಇಂಡಿಯಾದ 1867ರ ಮುದ್ರಣ ಶಾಸನವೇ ಅಚ್ಚಾದ ಪ್ರತಿಯೊಂದು ಕಾಗದದ ಮೇಲೂ ಮುದ್ರಕನ ಹೆಸರು ಇರಬೇಕೆಂದು ವಿಧಿಸಿತ್ತು. ಆ ಶಾಸನವು ರದ್ದಾಗಿ, 2023ರ ಹೊಸ ಶಾಸನವು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಪತ್ರಿಕೆಗಳ ಅಡಿಯಲ್ಲಿನ ಆ ಸಾಲು ಮಾತ್ರ ಅಳಿಸಿಹೋಗಿಲ್ಲ.

ಈ 127-ಎ ಪ್ರಕರಣದಲ್ಲಿ ಒಂದು ಸೂಕ್ಷ್ಮವಿದೆ. ಇಂದಿನ ನಮ್ಮ ಚರ್ಚೆಗೆಲ್ಲ ಅದೇ ಬೀಜ. ಮುದ್ರಣವೆಂದರೇನೆಂಬುದನ್ನು ವಿವರಿಸುತ್ತ ಆ ಶಾಸನವು, ಕೈಯಿಂದ ನಕಲು ಮಾಡುವುದೊಂದನ್ನುಳಿದು ಪ್ರತಿಗಳನ್ನು ಹೆಚ್ಚಿಸುವ ಯಾವ ವಿಧಾನವಾದರೂ ಮುದ್ರಣವೇ ಎಂದು ಹೇಳುತ್ತದೆ. ಎಂದರೆ, ಒಬ್ಬನು ಕುಳಿತು ಕೈಯಾರೆ ಬರೆದು ನಾಲ್ಕು ಮಂದಿಗೆ ಹಂಚಿದರೆ ಶಾಸನವು ಅವನ ತಂಟೆಗೆ ಹೋಗುವುದಿಲ್ಲ. ಒಬ್ಬನ ಮಾತನ್ನು ಯಂತ್ರವು ಸಾವಿರ ಮಾಡಿದಾಗ ಮಾತ್ರ ‘ನೀನಾರು?’ ಎಂದು ಕೇಳುತ್ತದೆ. ಕೈಬರಹಕ್ಕೆ ವಿನಾಯಿತಿ, ಯಂತ್ರಕ್ಕೆ ಹೊಣೆ: ಇದು ನಮ್ಮ ದೇಶದ ಶಾಸನವು ದಶಕಗಳಿಂದ ಒಪ್ಪಿಕೊಂಡು ಬಂದಿರುವ ನ್ಯಾಯ.

ಆದರೆ ಇಂದು ಕರಪತ್ರವು ಕಾಗದವನ್ನು ಬಿಟ್ಟು ಅಂಗೈಯಲ್ಲಿನ ಮೊಬೈಲಿಗೆ ಬಂದು ಸೇರಿದೆ. ಅಲ್ಲಿ ಅದರ ಅಡಿಯ ಪಂಕ್ತಿಯು ಉದುರಿಹೋಗಿದೆ. ಫೇಸ್‌ಬುಕ್, ಎಕ್ಸ್, ಟೆಲಿಗ್ರಾಂ, ವಾಟ್ಸಾಪ್ ಮೊದಲಾದವುಗಳಲ್ಲಿ ಮಾತನಾಡುತ್ತಿರುವ ಖಾತೆಗಳಲ್ಲಿ ಎಷ್ಟು ಮನುಷ್ಯರವು, ಎಷ್ಟು ಯಂತ್ರದವು ಎಂಬುದನ್ನು ಓದುವವನು ತಿಳಿಯಲಾರ. ಜನರು ‘ಬಾಟ್’ ಎಂದು ಕರೆಯುವ ಈ ಸ್ವಯಂಚಾಲಿತ ಖಾತೆಯ ಮರ್ಮವು ದೊಡ್ಡದೇನಲ್ಲ. ಒಂದು ಹೆಸರನ್ನೂ ಭಾವಚಿತ್ರವನ್ನೂ ಇಟ್ಟು ಖಾತೆಯನ್ನು ತೆರೆಯುವುದು. ಅದರ ಹಿಂದೆ ಒಂದು ಕಂಪ್ಯೂಟರ್ ಕ್ರಮವಿಧಿಯನ್ನು ಕೂರಿಸುವುದು. ಇಂಥ ಮಾತು ಕಂಡರೆ ಇಂಥ ಉತ್ತರ, ಇಂಥ ವೇಳೆಗೆ ಇಂಥ ಬರಹ ಎಂದು ಅದಕ್ಕೆ ಹೇಳಿಡುವುದು. ಹಿಂದೆ ಈ ಯಂತ್ರಗಳು ಕಲಿಸಿದ್ದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದವು, ಸೂಕ್ಷ್ಮಬುದ್ಧಿಯುಳ್ಳವನು ಕಂಡುಹಿಡಿಯುತ್ತಿದ್ದನು. ಈಚಿನ ಕೃತಕ ಬುದ್ಧಿಯ ಯಂತ್ರಗಳಾದರೋ ಪ್ರತಿ ಸಲವೂ ಬೇರೆ ಮಾತಿನಲ್ಲಿ, ಅಚ್ಚಗನ್ನಡದಲ್ಲಿ ವಾದಿಸಬಲ್ಲವು. ಕೋಪಿಸಿಕೊಂಡಂತೆಯೂ ಕಣ್ಣೀರಿಟ್ಟಂತೆಯೂ ನಟಿಸಬಲ್ಲವು.

ಇದು ದೂರದ ಮಾತೆಂದು ಯಾರೂ ಉದಾಸೀನ ಮಾಡಬಾರದು. 2019ರ ಲೋಕಸಭಾ ಚುನಾವಣೆಗೆ ಮುಂಚೆ ವಾಟ್ಸಾಪ್ ಸಂಸ್ಥೆಯು ತಾನು ಜಗತ್ತಿನಾದ್ಯಂತ ತಿಂಗಳಿಗೆ ಸುಮಾರು 20 ಲಕ್ಷ ಖಾತೆಗಳನ್ನು, ರಾಶಿರಾಶಿಯಾಗಿ ಸಂದೇಶ ಕಳುಹಿಸುವುದು ಮೊದಲಾದ ದುರ್ಬಳಕೆಗಾಗಿ ಮುಚ್ಚುತ್ತಿರುವುದಾಗಿ ತಿಳಿಸಿತು. ಅದೇ ವರ್ಷ ಏಪ್ರಿಲ್ 1ರಂದು ಫೇಸ್‌ಬುಕ್ ಸಂಸ್ಥೆಯು ತನ್ನ ನಿಜವನ್ನು ಮರೆಮಾಚಿಕೊಂಡು ಒಟ್ಟುಗೂಡಿ ನಡೆಯುತ್ತಿದ್ದ ಹಲವು ಪುಟಗಳನ್ನೂ ಖಾತೆಗಳನ್ನೂ ತೆಗೆದುಹಾಕಿತು. ಕಾಂಗ್ರೆಸ್ಸಿನ ಐ.ಟಿ. ಘಟಕದೊಡನೆ ಸಂಬಂಧವಿದ್ದವರವು 687. ಆಡಳಿತ ಪಕ್ಷದ ಪರವಾಗಿದ್ದ ಒಂದು ಖಾಸಗಿ ಕಂಪನಿಗೆ ಸೇರಿದವರವು 15. ಪಾಕಿಸ್ತಾನದ ಸೇನೆಯ ಪ್ರಚಾರ ವಿಭಾಗದ ನೌಕರರೊಡನೆ ಸಂಬಂಧವಿದ್ದವು 103. ಇವೆಲ್ಲವೂ ಯಂತ್ರಗಳೇ ಎಂದು ನಾವು ಹೇಳುವುದಿಲ್ಲ. ಸುಳ್ಳು ಮುಖದ ಖಾತೆಯೆಂಬ ರೋಗವು ಒಂದು ಪಕ್ಷದ ಸ್ವತ್ತಲ್ಲವೆಂಬುದೂ, ಗಡಿಯಾಚೆಯ ಕೈಯೂ ಅದೇ ದಾರಿಯಲ್ಲಿ ಒಳಬರಬಲ್ಲುದೆಂಬುದೂ ಈ ಅಂಕಿಗಳಿಂದ ಸ್ಪಷ್ಟವಾಗುವುದಷ್ಟೆ.

ಶಿಕಾರಿಪುರ, ಸೊರಬ ಎರಡೂ ರಾಜಕೀಯ ಪ್ರಜ್ಞೆಯಲ್ಲಿ ಹಿಂದುಳಿದ ಸೀಮೆಗಳಲ್ಲ. ಒಂದೊಂದೂ ನಾಡಿಗೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿದೆ. ಇಲ್ಲಿಯ ಗ್ರಾಮ ಪಂಚಾಯಿತಿಯ ಒಂದು ಸ್ಥಾನವಾದರೂ ಹತ್ತಾರು ಮತಗಳಿಂದ ಇತ್ತಲಿಂದತ್ತ ಹೋಗಬಲ್ಲುದು. ಅಂಥ ಒಂದು ಊರಿನ ಗುಂಪಿನಲ್ಲಿ, ಮತದಾನದ ಹಿಂದಿನ ರಾತ್ರಿ, ಅಭ್ಯರ್ಥಿಯೊಬ್ಬಳ ಮೇಲೆ ಇಪ್ಪತ್ತು ‘ಗ್ರಾಮಸ್ಥರು’ ಒಂದೇ ಆರೋಪವನ್ನು ಇಪ್ಪತ್ತು ವಿಧವಾಗಿ ಹೊರಿಸಿದರೆಂದಿಟ್ಟುಕೊಳ್ಳೋಣ. ಬೆಳಗಾಗುವುದರೊಳಗೆ ಆಕೆಯು ಯಾರಿಗೆ ಸಮಾಧಾನ ಹೇಳಬೇಕು? ಯಾರ ಮನೆಯ ಬಾಗಿಲು ತಟ್ಟಬೇಕು? ಆ ಇಪ್ಪತ್ತು ಮಂದಿ ಯಾವ ಊರಿನಲ್ಲಿಯೂ ಇಲ್ಲ.

ವ್ಯಾಪಾರದ ವಿಷಯವೂ ಇಷ್ಟೇ. ಅಡಿಕೆ ಬೆಳೆಗಾರನು ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು ಎಂಬುದನ್ನು ಇಂದು ಮೊಬೈಲಿನಲ್ಲಿಯೇ ನೋಡುತ್ತಾನೆ. ಹೊರದೇಶದ ಅಡಿಕೆಯು ಹಡಗುಗಟ್ಟಲೆ ಬಂದಿಳಿಯಿತು, ನಾಳೆ ದರ ಕುಸಿಯುವುದು ಖಂಡಿತ ಎಂದು ನೂರು ಖಾತೆಗಳು ಒಟ್ಟಿಗೆ ಕೂಗಿದರೆ, ಸಾಲದ ಕಂತು ಕಟ್ಟಬೇಕಾದ ಸಣ್ಣ ಹಿಡುವಳಿದಾರನು ಆ ಸಂಜೆಯೇ ಸಿಕ್ಕಿದ ದರಕ್ಕೆ ಮಾಲನ್ನು ಕೊಟ್ಟುಬಿಡುವನು. ಶುಂಠಿ, ಮೆಕ್ಕೆಜೋಳ ಬೆಳೆಯುವವರ ಪಾಡೂ ಇದಕ್ಕಿಂತ ಬೇರೆಯಲ್ಲ.

ಇಲ್ಲಿ ನಡೆಯುವ ಮೋಸದ ಸ್ವರೂಪವನ್ನು ಚೆನ್ನಾಗಿ ತಿಳಿಯಬೇಕು. ಸುಳ್ಳು ಹೇಳುವುದು ಬೇರೆ, ಸಂಖ್ಯೆಯ ಸುಳ್ಳು ಬೇರೆ. ಹತ್ತು ಮಂದಿ ಹೇಳಿದ್ದರಲ್ಲಿ ಏನೋ ಹುರುಳಿರಬೇಕೆಂಬುದು ನಮ್ಮ ಹಳ್ಳಿಗಳ ವಿವೇಕ. ಪಂಚರೆಂಬ ಮಾತಿಗೆ ಬೆಲೆ ಬಂದದ್ದೂ ಇದರಿಂದಲೇ. ಹತ್ತು ಕಣ್ಣುಗಳು ಬೇರೆ ಬೇರೆಯಾಗಿ ನೋಡಿವೆ, ಹತ್ತು ಮನಸ್ಸುಗಳು ತೂಗಿವೆ ಎಂಬ ನಂಬಿಕೆಯೇ ಅದರ ಆಧಾರ. ಸ್ವಯಂಚಾಲಿತ ಖಾತೆಯು ಒಬ್ಬನ ಮಾತಿಗೆ ಹತ್ತು ಮುಖವಾಡಗಳನ್ನು ತೊಡಿಸಿ ಆ ನಂಬಿಕೆಯನ್ನೇ ಕದಿಯುತ್ತದೆ. ಹೇಳಿದ ಮಾತು ಸತ್ಯವೇ ಆಗಿದ್ದರೂ, ಹೇಳಿದವರು ಹತ್ತು ಮಂದಿಯೆಂಬುದು ಅಸತ್ಯ.

ಹೊರದೇಶಗಳು ಇದಕ್ಕೆ ಏನು ಮಾಡಿವೆಯೆಂದು ನೋಡೋಣ. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನವು 2018ರಲ್ಲಿ ಒಂದು ಶಾಸನವನ್ನು ಮಾಡಿ 2019ರ ಜುಲೈ 1ರಿಂದ ಜಾರಿಗೆ ತಂದಿತು. ಸರಕನ್ನು ಮಾರುವುದಕ್ಕಾಗಲಿ, ಮತವನ್ನು ತಿರುಗಿಸುವುದಕ್ಕಾಗಲಿ, ತಾನು ಯಂತ್ರವೆಂಬುದನ್ನು ಮರೆಮಾಚಿ ಜನರನ್ನು ವಂಚಿಸುವ ಉದ್ದೇಶದಿಂದ ಬಾಟನ್ನು ಬಳಸಕೂಡದು; ಯಂತ್ರವೆಂದು ಸ್ಪಷ್ಟವಾಗಿ ಹೇಳಿಕೊಂಡರೆ ಅಪರಾಧವಿಲ್ಲ. ಈ ಮಸೂದೆಯ ಮೊದಲಿನ ರೂಪವು ಎಲ್ಲ ಬಗೆಯ ಬಾಟುಗಳನ್ನೂ ಹಿಡಿಯುವಂತಿತ್ತು. ವಾಕ್‌ಸ್ವಾತಂತ್ರ್ಯದ ಪಕ್ಷಪಾತಿಗಳು ಆಕ್ಷೇಪಿಸಿದ ಮೇಲೆ ವ್ಯಾಪಾರ, ಚುನಾವಣೆ ಎಂಬ ಎರಡಕ್ಕೆ ಅದನ್ನು ಸೀಮಿತಗೊಳಿಸಿದರು. ಜರ್ಮನಿಯಲ್ಲಿ 2020ರ ನವೆಂಬರಿನಲ್ಲಿ ಜಾರಿಗೆ ಬಂದ ಮಾಧ್ಯಮ ಒಡಂಬಡಿಕೆಯು, ಮನುಷ್ಯನ ಖಾತೆಯಂತೆ ತೋರುವ ಖಾತೆಯಿಂದ ಯಂತ್ರವು ಬರೆದ ಸಂದೇಶಗಳಿಗೆ ಗುರುತು ಹಾಕಬೇಕೆಂದು ವಿಧಿಸಿದೆ. ಯೂರೋಪಿಯನ್ ಒಕ್ಕೂಟದ 2024ರ ಕೃತಕ ಬುದ್ಧಿ ಶಾಸನದ 50ನೆಯ ಅನುಚ್ಛೇದವು, ಜನರೊಡನೆ ನೇರವಾಗಿ ಮಾತನಾಡುವ ಯಂತ್ರವು ತಾನು ಯಂತ್ರವೆಂಬುದನ್ನು ಅವರಿಗೆ ತಿಳಿಸುವಂತಿರಬೇಕೆಂದು ಹೇಳಿದೆ. ಇದು 2026ರ ಆಗಸ್ಟ್ 2ರಿಂದ ಅನ್ವಯಿಸತಕ್ಕದ್ದೆಂದು ಆ ಶಾಸನದಲ್ಲಿಯೇ ಬರೆದಿದೆ.

ಧ್ವನಿಯ ವಿಷಯದಲ್ಲಿ ಅಮೆರಿಕೆಯವರಿಗೆ ಪೆಟ್ಟು ಬಿದ್ದ ಮೇಲೆ ಬುದ್ಧಿ ಬಂದಿತು. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಸಾವಿರಾರು ಮತದಾರರಿಗೆ ಅಧ್ಯಕ್ಷ ಬೈಡನ್ ಅವರ ಕಂಠವನ್ನು ಅನುಕರಿಸಿದ ಯಂತ್ರದ ಕರೆಗಳು ಬಂದು, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿರೆಂದು ಉಪದೇಶಿಸಿದವು. ಅದನ್ನು ಮಾಡಿಸಿದವನಿಗೆ ಆ ದೇಶದ ಸಂಪರ್ಕ ಆಯೋಗವು 60 ಲಕ್ಷ ಡಾಲರು ದಂಡ ಹಾಕಿತು. ಕೇಳುವವರ ಪೂರ್ವಸಮ್ಮತಿಯಿಲ್ಲದೆ ಇಂಥ ಕೃತಕ ಕಂಠದ ಕರೆ ಮಾಡುವುದು ಶಾಸನವಿರುದ್ಧವೆಂದು ಅದೇ ವರ್ಷದ ಫೆಬ್ರವರಿಯಲ್ಲಿ ಸಾರಿತು.

ನಮ್ಮ ದೇಶದ ಸ್ಥಿತಿಯೇನು? ಶಾಸನಗಳಿಲ್ಲವೆಂದಲ್ಲ, ನಡುವೆ ಒಂದು ಗಂಡಿ ಉಳಿದುಕೊಂಡಿದೆ. ಮಾಹಿತಿ ತಂತ್ರಜ್ಞಾನ ಶಾಸನದ 66-ಡಿ ಪ್ರಕರಣವು ಕಂಪ್ಯೂಟರಿನ ಮೂಲಕ ಮತ್ತೊಬ್ಬನ ವೇಷ ಹಾಕಿ ವಂಚಿಸಿದವನಿಗೆ ಮೂರು ವರ್ಷದವರೆಗೆ ಸೆರೆಯನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಇಲ್ಲದವನ ವೇಷವನ್ನು ಹಾಕಿದ ಯಂತ್ರವು ಯಾರ ಹಣವನ್ನೂ ಮುಟ್ಟದೆ ಬರಿಯ ಅಭಿಪ್ರಾಯವನ್ನು ಕದಡಿದರೆ ಈ ಬಲೆಗೆ ಬೀಳುವುದು ಕಷ್ಟ. 2021ರ ಫೆಬ್ರವರಿಯ ನಿಯಮಗಳು 50 ಲಕ್ಷಕ್ಕೆ ಮೇಲ್ಪಟ್ಟು ಬಳಕೆದಾರರುಳ್ಳ ಜಾಲಗಳಿಗೆ, ಬಯಸಿದವರ ಖಾತೆಯನ್ನು ಪರಿಶೀಲಿಸಿ ಗುರುತು ಕೊಡಬೇಕೆಂದು ಹೇಳಿದವು. ಅದು ಬಯಸಿದವರಿಗೆ ಮಾತ್ರ. ಯಂತ್ರವು ಅದನ್ನು ಬಯಸುವುದಿಲ್ಲ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ತಿದ್ದುಪಡಿಯು ಕೃತಕವಾಗಿ ಸೃಷ್ಟಿಸಿದ ಚಿತ್ರ, ಚಲನಚಿತ್ರ, ಧ್ವನಿಗಳಿಗೆ ಗುರುತು ಹಾಕಬೇಕೆಂದು ಕಡ್ಡಾಯಪಡಿಸಿದೆ. ಚುನಾವಣಾ ಆಯೋಗವು 2013ರ ಅಕ್ಟೋಬರಿನಲ್ಲಿಯೇ ಅಭ್ಯರ್ಥಿಯು ತನ್ನ ಜಾಲತಾಣದ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ಸೂಚಿಸಿತ್ತು. 2025ರಲ್ಲಿ ಕೃತಕ ಚಿತ್ರ ಧ್ವನಿಗಳಿಗೆ ಗುರುತು ಹಾಕಬೇಕೆಂದು ಪಕ್ಷಗಳಿಗೆ ತಿಳಿಸಿತು.

ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಆಡಿದ ಮಾತಿಗೆ ಚೀಟಿ ಅಂಟಿಸಿದರೆ ಆಡಿದವನು ಯಾರೆಂದು ತಿಳಿದಂತಾಗಲಿಲ್ಲ. ಯಂತ್ರವು ನಿಜವಾದ ಚಿತ್ರವನ್ನೇ ತೆಗೆದುಕೊಂಡು, ಸಾಧಾರಣ ಅಕ್ಷರಗಳಲ್ಲಿಯೇ ಬರೆದು, ನೂರು ಹೆಸರುಗಳಿಂದ ಹರಡಿದರೆ ಈ ನಿಯಮಗಳು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಅಭ್ಯರ್ಥಿಯು ತನ್ನ ಖಾತೆಯನ್ನು ತೋರಿಸುತ್ತಾನೆ. ತನ್ನದಲ್ಲವೆಂದು ಹೇಳಬಹುದಾದ ಖಾತೆಯನ್ನು ತೋರಿಸುವುದಿಲ್ಲ. ದೂರವಾಣಿಯಲ್ಲಿ ನಮ್ಮವರೇ ಇದಕ್ಕಿಂತ ಮುಂದೆ ಹೋಗಿದ್ದಾರೆ. ಪ್ರಚಾರದ ವ್ಯಾಪಾರದ ಕರೆಗಳಿಗೆ 140ರಿಂದ ಮೊದಲಾಗುವ ಸಂಖ್ಯೆ, ಬ್ಯಾಂಕು ಮೊದಲಾದವುಗಳ ಸೇವಾ ಕರೆಗಳಿಗೆ 1600ರಿಂದ ಮೊದಲಾಗುವ ಸಂಖ್ಯೆ ಎಂದು ಗೊತ್ತುಮಾಡಿರುವುದರಿಂದ, ಕರೆಯನ್ನು ಎತ್ತುವ ಮೊದಲೇ ಮನುಷ್ಯನಿಗೆ ಒಂದು ಸುಳಿವು ಸಿಕ್ಕುತ್ತದೆ. ಕರೆಗೆ ಸಲ್ಲುವ ನ್ಯಾಯವು ಖಾತೆಗೆ ಏಕೆ ಸಲ್ಲಬಾರದು?

ಇದಕ್ಕೆ ಮುಖ್ಯವಾಗಿ ಮೂರು ಆಕ್ಷೇಪಣೆಗಳನ್ನು ಹೇಳುವರು. ಯಂತ್ರವನ್ನು ಗುರುತಿಸುವುದೇ ಅಸಾಧ್ಯವೆಂಬುದು ಮೊದಲನೆಯದು. ಅಷ್ಟು ನಿರಾಶೆಗೆ ಕಾರಣವಿಲ್ಲ. ವಾಟ್ಸಾಪ್ ಸಂಸ್ಥೆಯೇ 2019ರಲ್ಲಿ ಹೇಳಿದಂತೆ, ಮುಚ್ಚಿದ ಖಾತೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚಿನವು ಬಳಕೆದಾರರ ಈಚಿನ ದೂರಿಲ್ಲದೆಯೇ ಸಿಕ್ಕಿಬಿದ್ದವು. ಟೆಲಿಗ್ರಾಂನಲ್ಲಿ ಬಾಟಿನ ಹೆಸರು ಸಾಮಾನ್ಯವಾಗಿ ‘ಬಾಟ್’ ಎಂದೇ ಕೊನೆಗೊಳ್ಳಬೇಕು. ಟ್ವಿಟ್ಟರ್ ಎಂದಿದ್ದ ಜಾಲವು 2022ರಲ್ಲಿ, ಇದು ಸ್ವಯಂಚಾಲಿತವೆಂಬ ಗುರುತನ್ನು ಇಷ್ಟಪಟ್ಟವರು ಹಾಕಿಕೊಳ್ಳುವ ಏರ್ಪಾಟನ್ನು ಮಾಡಿತು. ತಂತ್ರವುಂಟು; ಇಲ್ಲದಿರುವುದು ಕಡ್ಡಾಯ.

ಒಳ್ಳೆಯ ಯಂತ್ರಗಳಿಗೆ ಇದರಿಂದ ತೊಂದರೆಯಾಗುವುದೆಂಬುದು ಎರಡನೆಯದು. ಪಿ.ಎಂ.-ಕಿಸಾನ್ ಯೋಜನೆಯ ವಿಷಯದಲ್ಲಿ ರೈತರ ಪ್ರಶ್ನೆಗಳಿಗೆ ಉತ್ತರ ಹೇಳಲು 2023ರಲ್ಲಿ ಬಂದ ‘ಕಿಸಾನ್ ಇ-ಮಿತ್ರ’ವು ಯಂತ್ರವೇ. ತಾನು ಯಂತ್ರವೆಂದು ಹೇಳಿಕೊಂಡೇ ಅದು ಕೆಲಸ ಮಾಡುತ್ತದೆ; ಅದರಿಂದ ಅದರ ಮಾನವೇನೂ ಕಡಮೆಯಾಗಿಲ್ಲ. ಸಭೆಯ ದಿನ, ವೇಳೆ, ಸ್ಥಳಗಳನ್ನು ಮಾತ್ರ ಸಾರುವ ಕರಪತ್ರಕ್ಕೆ 127-ಎ ಪ್ರಕರಣವೂ ವಿನಾಯಿತಿ ಕೊಟ್ಟಿದೆ. ಹಾಗೆಯೇ ಮಳೆಯ ಮುನ್ಸೂಚನೆಯನ್ನೂ ಬಸ್ಸಿನ ವೇಳೆಯನ್ನೂ ಹೇಳುವ ಖಾತೆಗೆ ಹೊರೆ ಹೊರಿಸಬೇಕಾಗಿಲ್ಲ.

ಮೂರನೆಯ ಆಕ್ಷೇಪಣೆಯೇ ಗುರುತರವಾದುದು. ಅದನ್ನು ನಾವು ಹಗುರವಾಗಿ ಕಾಣಲಾರೆವು. ಯಂತ್ರವನ್ನು ಹುಡುಕುವ ನೆಪದಿಂದ ಸರಕಾರವು ಮನುಷ್ಯನ ಮುಸುಕನ್ನು ಎಳೆದರೆ ಗತಿಯೇನು? ಶಿಕಾರಿಪುರ ತಾಲ್ಲೂಕಿನ ಈಸೂರು ನಮ್ಮ ಕಣ್ಣ ಮುಂದಿದೆ. 1942ರಲ್ಲಿ ಆ ಹಳ್ಳಿಯು ತಾನು ಸ್ವತಂತ್ರವೆಂದು ಸಾರಿತು. 1943ರ ಮಾರ್ಚಿಯಲ್ಲಿ ಅಲ್ಲಿಯ ಐವರು ನೇಣುಗಂಬವನ್ನೇರಿದರು. ಆ ದಿನಗಳಲ್ಲಿ ದೇಶದಲ್ಲೆಲ್ಲ ಗುಪ್ತವಾಗಿ ಹಂಚಿದ ಕರಪತ್ರಗಳ ಅಡಿಯಲ್ಲಿ ಮುದ್ರಕನ ಹೆಸರಿರಲಿಲ್ಲ. ಇದ್ದಿದ್ದರೆ ಮರುದಿನವೇ ಮುದ್ರಕನು ಸೆರೆಮನೆಯಲ್ಲಿರುತ್ತಿದ್ದನು. ಬೊಂಬಾಯಿಯಲ್ಲಿ ಉಷಾ ಮೆಹ್ತಾ ಮೊದಲಾದವರು ನಡೆಸಿದ ಕಾಂಗ್ರೆಸ್ ರೇಡಿಯೋ ತನ್ನ ನೆಲೆಯನ್ನು ಬದಲಾಯಿಸುತ್ತಲೇ ಇರಬೇಕಾಯಿತು. ಅದಕ್ಕೂ ಹಿಂದೆ, 1908ರಲ್ಲಿ, ಮೈಸೂರು ಸರಕಾರವು ಪತ್ರಿಕೆಗಳ ಮೇಲೆ ನಿರ್ಬಂಧ ಶಾಸನವನ್ನು ಹೇರಿದಾಗ ತಾತಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಯನ್ನು ನಿಲ್ಲಿಸಿಬಿಟ್ಟರು. ಹೆಸರು ಹೇಳಲಾರದ ಬಡವನು, ಮೇಲಧಿಕಾರಿಯ ಅನ್ಯಾಯವನ್ನು ಬಯಲಿಗೆಳೆಯುವ ಗುಮಾಸ್ತನು, ಗಂಡನ ಮನೆಯ ಹಿಂಸೆಯನ್ನು ಬರೆದುಕೊಳ್ಳುವ ಹೆಣ್ಣುಮಗಳು: ಇವರಿಗೆ ಅನಾಮಧೇಯತೆಯೇ ಕವಚ.

ಅಧಿಕಾರವು ಕೈ ಮೀರಿ ಚಾಚುವುದೆಂಬ ಭಯವು ನಿರಾಧಾರವೂ ಅಲ್ಲ. ಮಾಹಿತಿ ತಂತ್ರಜ್ಞಾನ ಶಾಸನದ 66-ಎ ಪ್ರಕರಣವನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಹೊಡೆದುಹಾಕಿತು. ‘ಕಿರಿಕಿರಿ’ಯೆಂಬಂಥ ಅಸ್ಪಷ್ಟ ಮಾತುಗಳಿಂದ ಜನರನ್ನು ಸೆರೆಗೆ ತಳ್ಳಲು ಅದು ಅವಕಾಶ ಕೊಟ್ಟಿತ್ತು. 2025ರ ಜೂನಿನಲ್ಲಿ ಹೊರಬಿದ್ದ ಕರ್ನಾಟಕದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು ಏಳು ವರ್ಷದವರೆಗಿನ ಸೆರೆಯನ್ನೂ 10 ಲಕ್ಷ ರೂಪಾಯಿಯವರೆಗಿನ ದಂಡವನ್ನೂ ಸೂಚಿಸಿ, ಸಚಿವರೊಬ್ಬರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವನ್ನು ಸ್ಥಾಪಿಸುವ ಯೋಚನೆಯನ್ನು ಮಾಡಿತ್ತು. ಯಾವುದು ಸುಳ್ಳೆಂದು ಸಚಿವರು ತೀರ್ಮಾನಿಸುವುದಾದರೆ, ಸಚಿವರನ್ನು ಟೀಕಿಸುವವನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ.

ಆದಕಾರಣವೇ ಯಂತ್ರವನ್ನು ಪ್ರಕಟಪಡಿಸುವ ಶಾಸನವು ಸುಳ್ಳನ್ನು ದಂಡಿಸುವ ಶಾಸನಕ್ಕಿಂತ ಮೇಲು. ಅದು ಮಾತಿನ ಸತ್ಯಾಸತ್ಯವನ್ನು ವಿಚಾರಿಸುವುದಿಲ್ಲ. ಮನುಷ್ಯನ ಹೆಸರನ್ನು ಕೇಳುವುದಿಲ್ಲ. ‘ಇಲ್ಲಿ ಮನುಷ್ಯನಿದ್ದಾನೆಯೇ, ಯಂತ್ರವಿದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಕೇಳುತ್ತದೆ. ಮಹಾದೇವಿಯಕ್ಕನ ಉಡುತಡಿಯೂ ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ. ಚೆನ್ನಮಲ್ಲಿಕಾರ್ಜುನ ಎಂಬುದು ಅಕ್ಕನ ಹೆಸರಲ್ಲ, ಗುಹೇಶ್ವರ ಎಂಬುದು ಅಲ್ಲಮನ ಹೆಸರಲ್ಲ, ಅವು ಅಂಕಿತಗಳು. ಆದರೂ ಆ ಅಂಕಿತವನ್ನು ಕೇಳಿದವನಿಗೆ ಇದರ ಹಿಂದೆ ಒಂದು ಜೀವವಿದೆ, ಅದು ಈ ಮಾತಿಗೆ ಹೊಣೆಯಾಗಿದೆ ಎಂಬುದು ತಿಳಿಯುತ್ತಿತ್ತು. ಅಂಕಿತನಾಮವನ್ನು ಇಟ್ಟುಕೊಂಡು ಬರೆಯುವ ಹಕ್ಕು ಮನುಷ್ಯನಿಗೆ ಇರಲಿ. ಮನುಷ್ಯನ ಅಂಕಿತವನ್ನು ಇಟ್ಟುಕೊಳ್ಳುವ ಹಕ್ಕು ಯಂತ್ರಕ್ಕೆ ಬೇಡ.

ಈ ಸೀಮೆಯ ಕಲ್ಲುಗಳೂ ಇದನ್ನೇ ಸಾಕ್ಷಿ ಹೇಳುತ್ತವೆ. ತಾಳಗುಂದದ ಕದಂಬರ ಸ್ತಂಭಶಾಸನದಲ್ಲಿ ಕುಬ್ಜನೆಂಬ ಕವಿಯು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಅದಾಗಿ ಹದಿನೈದು ನೂರು ವರ್ಷಗಳು ಕಳೆದಿವೆ. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಎಂಟನೆಯ ಸಂಪುಟಗಳಲ್ಲಿ ಅಚ್ಚುಹಾಕಿಸಿದ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳನ್ನು ತಿರುವಿದರೆ, ಹೇಳಿದವನಾರು, ಬರೆದವನಾರು, ಕಲ್ಲಿನಲ್ಲಿ ಕಂಡರಿಸಿದವನಾರು ಎಂಬುದನ್ನು ಕೊನೆಗೆ ತಿಳಿಸಿರುವುದು ಎಷ್ಟೋ ಕಡೆ ಕಾಣುವುದು. ಉಳಿ ಹಿಡಿದ ಕೈಗೂ ಹೊಣೆಯುಂಟೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಹಾಗಾದರೆ ಶಾಸನವು ಹೇಗಿರಬೇಕು? ಚುನಾವಣೆ, ವ್ಯಾಪಾರ, ಸರಕಾರದ ಕಾರ್ಯಗಳ ಪ್ರಚಾರ ಎಂಬ ಮೂರು ಕ್ಷೇತ್ರಗಳಿಗೆ ಮಾತ್ರ ಅದು ಮಿತವಾಗಿರಲಿ. ಮೂರನೆಯದನ್ನು ಸೇರಿಸಿದ್ದಕ್ಕೆ ಕಾರಣವುಂಟು: ಸರಕಾರವೂ ಯಂತ್ರದಿಂದ ತನ್ನನ್ನು ತಾನೇ ಹೊಗಳಿಸಿಕೊಳ್ಳಬಲ್ಲುದು. ಯಂತ್ರವೆಂಬ ಗುರುತು ಕನ್ನಡದಲ್ಲಿರಲಿ, ಎದ್ದು ಕಾಣುವಂತಿರಲಿ. ಧ್ವನಿಯಾದರೆ ಮೊದಲ ವಾಕ್ಯದಲ್ಲಿಯೇ ಕನ್ನಡದಲ್ಲಿ ಹೇಳಲಿ. ಓದುಬಾರದ ಮುದುಕಿಗೆ ಇಂಗ್ಲಿಷಿನ ಸಣ್ಣಕ್ಷರದ ಚೀಟಿಯಿಂದ ಏನು ಪ್ರಯೋಜನ? ಹೊಣೆಯು ಯಂತ್ರವನ್ನು ನಡೆಸುವವನ ಮೇಲೂ, ಹಣ ಕೊಟ್ಟು ನಡೆಸಿಸುವವನ ಮೇಲೂ ಇರಲಿ. ನಂಬಿ ಮುಂದಕ್ಕೆ ಕಳುಹಿಸಿದ ರೈತನ ಮೇಲೆ ಬೇಡ. ಯಂತ್ರವೆಂದು ತಪ್ಪಾಗಿ ಗುರುತು ಬಿದ್ದ ಮನುಷ್ಯನಿಗೆ ಶೀಘ್ರವಾದ ಅಪೀಲಿರಲಿ. ಅದು ಸಚಿವರ ಮುಂದಲ್ಲ, ನ್ಯಾಯಾಧಿಕಾರಿಯ ಮುಂದಿರಲಿ. ಮನುಷ್ಯನ ಗುಟ್ಟಾದ ಹೆಸರನ್ನು ಬಯಲಿಗೆ ಹಾಕುವ ಅಧಿಕಾರವನ್ನು ಈ ಶಾಸನವು ಯಾರಿಗೂ ಕೊಡದಿರಲಿ.

ಶಾಸನವು ಬರುವ ತನಕ ಸುಮ್ಮನಿರಬೇಕಾಗಿಯೂ ಇಲ್ಲ. ಎರಡೂ ತಾಲ್ಲೂಕುಗಳ ರಾಜಕೀಯ ಮುಖಂಡರು, ತಮ್ಮ ಪ್ರಚಾರದಲ್ಲಿ ಗುರುತಿಲ್ಲದ ಯಂತ್ರವನ್ನು ಬಳಸುವುದಿಲ್ಲವೆಂದು ಮುಂದಿನ ಪಂಚಾಯಿತಿ ಚುನಾವಣೆಗೆ ಮೊದಲೇ ಬಹಿರಂಗವಾಗಿ ಮಾತು ಕೊಡಬಹುದು. ತಹಶೀಲ್ದಾರರು ಚುನಾವಣೆಯ ಮುಂಚೆ ಅಚ್ಚುಕೂಟದವರನ್ನು ಕರೆದು ಎಚ್ಚರಿಸುವಂತೆಯೇ, ಜಾಲತಾಣದ ಪ್ರಚಾರವನ್ನು ಗುತ್ತಿಗೆ ಹಿಡಿದವರನ್ನೂ ಕರೆದು ಮಾತನಾಡಿಸಬಹುದು. ವಾಚಕರಂತೂ ಒಂದು ಸಣ್ಣ ವ್ರತವನ್ನು ಹಿಡಿಯಬಹುದು. ಹೆಸರು ತಿಳಿಯದ ಖಾತೆಯಿಂದ ಬಂದ ಆರೋಪವನ್ನು, ಆಡಿದವರು ಯಾರೆಂದು ವಿಚಾರಿಸದೆ, ಮುಂದಕ್ಕೆ ದಾಟಿಸದಿರುವುದೇ ಆ ವ್ರತ.

ಈ ಪುಟದ ಕೆಳಗಿನ ಸಾಲಿನಲ್ಲಿ ನಮ್ಮ ಹೆಸರಿದೆ. ನಾವು ತಪ್ಪು ಬರೆದರೆ ವಾಚಕರು ನಮ್ಮ ಬಾಗಿಲಿಗೆ ಬರಬಹುದು, ಎಷ್ಟೋ ಸಲ ಬಂದೂ ಇದ್ದಾರೆ. ಅವರೊಡನೆ ವಾದಿಸಿ ನಾವು ಸೋತದ್ದೂ ಉಂಟು. ಬಾಗಿಲಿಲ್ಲದ ಮನೆಯಿಂದ ಹೊರಡುವ ಮಾತಿಗೆ ಕನಿಷ್ಠಪಕ್ಷ ಅದು ಬಾಗಿಲಿಲ್ಲದ ಮನೆಯೆಂಬ ಫಲಕವಾದರೂ ಇರಲಿ ಎಂಬುದಿಷ್ಟೇ ನಮ್ಮ ಬೇಡಿಕೆ.